ನದಿದಂಡೆಯ ಕಪ್ಪು ಗುಡ್ಡೆ

ಓಬಯ್ಯ ಹನ್ನೊಂದು ವರ್ಷ ನದಿದಂಡೆಯಲ್ಲಿ ಕೂತು ಮೊಬೈಲು, ಲ್ಯಾಪ್‌ಟಾಪುಗಳ ಹಳೆಯ ಬ್ಯಾಟರಿ ಒಡೆದ. ತಾಮ್ರ, ಅಲ್ಯೂಮಿನಿಯಂ ಗುಜರಿಗೆ ಹೋದವು. ಒಳಗಿನ ಕಪ್ಪು ಪುಡಿ ಯಾರಿಗೂ ಬೇಡವಾಗಿತ್ತು. ಅದನ್ನು ಅಲ್ಲೇ ಸುರಿದ. ಗುಡ್ಡೆ ಬೆಳೆಯಿತು.

ಒಂದು ಮಳೆಗಾಲದಲ್ಲಿ ಹೊಳೆ ಏರಿ ಗುಡ್ಡೆಯ ಬುಡ ತೊಳೆಯಿತು. ಕೆಳಗಿನ ಊರಲ್ಲಿ ಮೀನು ಸತ್ತು ತೇಲಿದವು. ಓಬಯ್ಯ ಮಗಳನ್ನು ಕೊಟ್ಟಿದ್ದು ಅದೇ ಊರಿಗೆ. ಅವಳು ಕುಡಿಯುವುದೂ ಅದೇ ನೀರು.

ಅವನು ಸುತ್ತಿಗೆ ಎಸೆದು ದಿಬ್ಬದ ಮೇಲಿನ ಆಶ್ರಮಕ್ಕೆ ಬಂದ. ಅಲ್ಲಿ ಮರುಳಯ್ಯ ಎಂಬ ಮುದುಕರಿದ್ದರು. ಹಿಂದೆ ತಾಮ್ರದ ಗಣಿಯಲ್ಲಿ ದುಡಿದವರು. ಊರವರಿಗೆಲ್ಲ ಅಜ್ಜಯ್ಯ.

"ಅಜ್ಜಯ್ಯ, ಆ ಗುಡ್ಡೆ ಕರಗಿಸೋ ವಿದ್ಯೆ ಕೊಡ್ರಿ. ಮುಂದಿನ ಮಳೆಗೆ ಅದರ ಒಂದು ಹಿಡಿನೂ ಹೊಳೆಗೆ ಹೋಗಬಾರದು."

ಅಜ್ಜಯ್ಯ ಒಂದು ಗಡಿಗೆ ತೋರಿಸಿದರು. ಒಳಗೆ ಚಹಾ ಬಣ್ಣದ ನೀರು.

"ಹಳೇ ಗಣಿ ನೀರಿಂದ ತಂದ ಬ್ಯಾಕ್ಟೀರಿಯಾ ಇದಾವೆ ಇದರಾಗೆ. ಗಂಧಕ ತಿಂತಾವೆ, ಹುಳಿ ಬಿಡ್ತಾವೆ. ಆ ಹುಳಿಗೆ ನಿನ್ನ ಪುಡಿಯಾಗಿನ ಕೋಬಾಲ್ಟು, ನಿಕ್ಕಲ್ಲು ಕರಗಿ ನೀರಿಗೆ ಇಳೀತಾವೆ. ದಿನಕ್ಕೊಂದು ಚಿಟಿಕೆ ಪುಡಿ ಹಾಕು. ಹೆಚ್ಚು ಬೇಡ."

"ಅಷ್ಟು ದೊಡ್ಡ ಗುಡ್ಡೆಗೆ ಚಿಟಿಕೆನಾ?"

"ನಿನ್ನ ಪುಡಿ ಅವಕ್ಕೂ ವಿಷಾನೇ. ರೂಢಿ ಆಗಬೇಕು."

ಓಬಯ್ಯ ಹದಿನೈದು ದಿನ ಚಿಟಿಕೆ ಹಾಕಿದ. ಹದಿನಾರನೆಯ ದಿನ ಅಜ್ಜಯ್ಯ ಸಂತೆಗೆ ಹೋದಾಗ ಮೂರು ಬೊಗಸೆ ಸುರಿದ. ಹಸಿದವರಿಗೆ ಹೊಟ್ಟೆತುಂಬ ಬಡಿಸಿದ ಪುಣ್ಯ ತನಗೇ ಎಂದುಕೊಂಡ.

ಮೂರು ದಿನದಲ್ಲಿ ಗಡಿಗೆಯ ಬಣ್ಣ ಇಳಿಯಿತು. ನೀರು ಸತ್ತಿತು.

ಅಜ್ಜಯ್ಯ ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

"ಪೇಟೆಯಿಂದ ಆಸಿಡ್ ತರ್ತೀನಿ ಅಜ್ಜಯ್ಯ. ಒಂದೇ ದಿನಕ್ಕೆ ಕರಗ್ತೈತೆ."

"ಕರಗ್ತೈತೆ. ಉಳಿದ ಆಸಿಡ್ ಎಲ್ಲಿ ಚೆಲ್ತೀಯ?"

ಓಬಯ್ಯನ ಕಣ್ಣು ತಾನಾಗಿಯೇ ಹೊಳೆಯ ಕಡೆ ಹೋಯಿತು. ಅವನು ತಲೆ ತಗ್ಗಿಸಿದ.

ಅಜ್ಜಯ್ಯ ಹೊಸ ಗಡಿಗೆಗೆ ನೀರು ತುಂಬಿ ಗಂಧಕ ಹಾಕಿದರು. ಸತ್ತ ಗಡಿಗೆಯಿಂದ ಒಂದೇ ಒಂದು ಸೌಟು ನೀರು ತೆಗೆದು ಅದಕ್ಕೆ ಬೆರೆಸಿದರು.

"ಎಲ್ಲಾ ಸತ್ತಾವಲ್ಲ?"

"ಎಲ್ಲಾ ಅಂತ ಎಣಿಸಿದೆಯಾ?"

ಓಬಯ್ಯ ದಿನವೂ ಬಗ್ಗಿ ನೋಡಿದ. ನಲವತ್ತನೆಯ ದಿನ ನೀರಿಗೆ ತೆಳ್ಳಗೆ ಚಹಾ ಬಣ್ಣ ಬಂತು. ಅವನು ಚಿಕ್ಕ ಹುಡುಗನ ಹಾಗೆ ಕೂಗಿದ.

"ಇವು ನನ್ನ ಮೂರು ಬೊಗಸೆ ತಡಕೊಂಡವು! ಹಂಗಾದ್ರೆ ನಾನು ಮಾಡಿದ್ದೂ ಒಳ್ಳೇದೇ ಆತು."

"ಬದುಕಿದ್ದು ಅವು. ನೀನ್ಯಾಕೆ ಮೀಸೆ ತಿರುವ್ತೀಯ?"

ಮೀಸೆ ಬಿಟ್ಟು ಓಬಯ್ಯ ಕೆಲಸ ಹಿಡಿದ. ಚಿಟಿಕೆ ನಿಧಾನಕ್ಕೆ ಹಿಡಿಯಾಯಿತು. ಒಂದು ಗಡಿಗೆ ಇಪ್ಪತ್ತಾಯಿತು. ಕರಗಿದ ಲೋಹವನ್ನು ನೀರಿನಿಂದ ಬೇರೆ ಮಾಡುವುದನ್ನೂ ಅಜ್ಜಯ್ಯ ಕಲಿಸಿದರು. ಮೊದಲ ಸಲ ಹುಣಸೆ ಬೀಜದಷ್ಟು ನಿಕ್ಕಲ್ ಅಂಗೈಗೆ ಬಂದಾಗ ಓಬಯ್ಯ ಅತ್ತುಬಿಟ್ಟ.

ಅಷ್ಟರಲ್ಲಿ ರೋಹಿಣಿ ಮಳೆಯ ಮೋಡ ಕಟ್ಟಿತು. ಗುಡ್ಡೆಯಲ್ಲಿ ಇಳಿದದ್ದು ಮೊಣಕಾಲೆತ್ತರವೂ ಇಲ್ಲ.

"ಸೋತೆ ಅಜ್ಜಯ್ಯ" ಎಂದು ಓಬಯ್ಯ ಕುಸಿದು ಕೂತ.

ಅಜ್ಜಯ್ಯ ಬುಟ್ಟಿ ಎತ್ತಿಕೊಂಡು ದಿಬ್ಬ ಇಳಿದರು. ಎಂಬತ್ತರ ಮುದುಕರು ತಲೆಯ ಮೇಲೆ ಕಪ್ಪು ಪುಡಿ ಹೊತ್ತು ಏದುತ್ತಾ ಹತ್ತಿ ಬಂದರು. ತಾವು ಮಲಗುವ ಕೋಣೆಯ ಸಿಮೆಂಟ್ ನೆಲದ ಮೇಲೆ ಸುರಿದು, ಮತ್ತೆ ಇಳಿದರು.

ಓಬಯ್ಯ ನಾಚಿಕೆಯಿಂದ ಎದ್ದ.

ಹನ್ನೆರಡು ದಿನ ಇಬ್ಬರೂ ಹೊತ್ತರು. ಕೋಣೆ ತುಂಬಿತು, ಅಡುಗೆಮನೆ ತುಂಬಿತು. ಹೊಳೆ ಏರಿ ಬಂದ ದಿನ ದಂಡೆ ಬರಿದಾಗಿತ್ತು. ನೀರು ಬರೀ ಮಣ್ಣು ತೊಳೆದುಕೊಂಡು ಮಗಳ ಊರ ಕಡೆ ಹೋಯಿತು.

ಇಬ್ಬರೂ ಜಗಲಿಯಲ್ಲಿ ಕೂತರು. ಒಳಗೆ ಮಲಗಲು ಜಾಗವಿರಲಿಲ್ಲ. ಓಬಯ್ಯ ಬಾಗಿಲಾಚೆಯ ಕಪ್ಪು ರಾಶಿಯನ್ನೇ ನೋಡುತ್ತಿದ್ದ.

"ಅಜ್ಜಯ್ಯ, ಇಷ್ಟು ಕರಗೋದು ನನ್ನ ಜೀವಮಾನದಾಗೆ ಮುಗೀತೈತಾ?"

ಅಜ್ಜಯ್ಯ ಗಡಿಗೆಗಳ ಕಡೆ ಕೈ ತೋರಿಸಿದರು.

"ಅವಕ್ಕೆ ಕಣ್ಣಿಲ್ಲ ಓಬಯ್ಯ. ರಾಶಿ ಎಷ್ಟು ದೊಡ್ಡದು ಅಂತ ಕಾಣಾಕಿಲ್ಲ. ಅದಕ್ಕೇ ಕೆಲಸ ನಡೀತೈತೆ."