ಎಣ್ಣೆ ಕುಡಿದ ಕೋಳಿ

ನದಿಯ ದಂಡೆಯ ಮೇಲಿನ ಮನೆಯಲ್ಲಿ ಸೆಲೆಸ್ಟಿನ್ ಬಾಯಿ ಅಡುಗೆ ಕಲಿಸುತ್ತಿದ್ದರು. ಮೂವತ್ತೆಂಟು ವರ್ಷ ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಮನೆಯನ್ನು ಆಳಿದವರು ಅವರು. ಉಗುರು ಕತ್ತರಿಸಿ, ಕೂದಲು ಬಿಗಿಯಾಗಿ ಕಟ್ಟಿ, ಹೇಳಿದ ಹೊತ್ತಿಗೆ ಬಂದವರಿಗೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು.

ಒಂದು ಬುಧವಾರ ಲವೀಟಾ ಬಂದಳು. ಉಗುರು ಸರಿಯಿತ್ತು. ಕೂದಲು ಸರಿಯಿತ್ತು. ಐದು ನಿಮಿಷ ಮೊದಲೇ ಬಂದಿದ್ದಳು.

"ಫೋನಿನಲ್ಲಿ ಹೇಳಿದ್ದೆನಲ್ಲ, ಕೋಳಿ ಕರಿಯುವುದನ್ನು ಕಲಿಯಬೇಕು, ಬಾಯಿ," ಎಂದಳು. ಹೇಳುವಾಗ ಮುಖ ಕೆಂಪಾಯಿತು.

"ಅದರಲ್ಲಿ ನಾಚಿಕೆ ಏನು?"

"ನಾನು ಆಸ್ಪತ್ರೆಯಲ್ಲಿ ರೋಗಿಗಳಿಗೆ ಪಥ್ಯ ಹೇಳುವವಳು. ಪೋಷಣಶಾಸ್ತ್ರದಲ್ಲಿ ಚಿನ್ನದ ಪದಕ ಬಂದಿದೆ. ಕರಿದದ್ದನ್ನು ಮುಟ್ಟಬೇಡಿ ಎಂದು ಹನ್ನೊಂದು ವರ್ಷದಿಂದ ಊರಿಗೆಲ್ಲ ಹೇಳುತ್ತಿದ್ದೇನೆ."

"ಮತ್ತೆ ಈಗ ಯಾಕೆ ಬೇಕಾಯಿತು?"

ಲವೀಟಾಳ ತಂದೆ ಬೊನವೆಂಚರ್ ಶಾಲೆಯಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದವರು. ಬಿದ್ದು ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಕಳೆದಿತ್ತು; ಈಗ ಮನೆಗೆ ಬಂದು ಮಲಗಿದ್ದರು. ಮೂಳೆ ಕೂಡಲು ಪ್ರೋಟೀನ್ ಬೇಕು. ಮಗಳು ಬೇಯಿಸಿಕೊಟ್ಟ ಕೋಳಿಯ ತಟ್ಟೆಯನ್ನು ಅವರು ದಿನವೂ ಹಾಗೆಯೇ ತಳ್ಳುತ್ತಿದ್ದರು. ತೂಕ ಆರು ಕಿಲೋ ಇಳಿದಿತ್ತು. ಸೋಮವಾರದೊಳಗೆ ಊಟ ಮಾಡಲು ತೊಡಗದಿದ್ದರೆ ಮೂಗಿನಿಂದ ನಳಿಕೆ ಇಳಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಕರಿದ ಕೋಳಿ ಕೊಟ್ಟರೆ ತಿನ್ನುತ್ತೇನೆ ಅನ್ನುತ್ತಾರೆ ಪಪ್ಪ. ಕೊಡಿ, ಏನಾದರೂ ಹೊಟ್ಟೆಗೆ ಹೋದರೆ ಸಾಕು ಅಂದರು ಡಾಕ್ಟರು."

"ಬೇಡ ಅಂದದ್ದು ಯಾರು?"

"ನಾನು," ಎಂದಳು ಲವೀಟಾ.

ಬಾಯಿ ಒಲೆಯ ಬಳಿಗೆ ನಡೆದರು. ಎಣ್ಣೆಯ ಬಾಟಲಿಯ ಮೇಲೆ ಎಣ್ಣೆ ಇರುವಲ್ಲಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಅಷ್ಟನ್ನೂ ಬಾಣಲೆಗೆ ಸುರಿದರು.

"ಕೋಳಿ ಫ್ರಿಜ್ಜಿನಲ್ಲಿದೆ. ಮೊಸರು, ಉಪ್ಪು, ಶುಂಠಿ, ಬೆಳ್ಳುಳ್ಳಿ ಹಚ್ಚಿಟ್ಟಿದ್ದೇನೆ. ನಿನಗೆ ತಿಳಿದ ಹಾಗೆ ಕರಿ. ನಾನು ಮಾತಾಡುವುದಿಲ್ಲ."

ಲವೀಟಾ ಮೊದಲು ಚರ್ಮ ಸುಲಿದಳು. ತಣ್ಣಗಿದ್ದ ತುಂಡುಗಳನ್ನು ಹಾಗೆಯೇ ಅಕ್ಕಿಹಿಟ್ಟಿನಲ್ಲಿ ಹೊರಳಿಸಿದಳು. ಎಣ್ಣೆ ಕಾಯುವ ವಾಸನೆ ಬಂದದ್ದೇ ಗಾಬರಿಯಾಗಿ ಉರಿ ತಗ್ಗಿಸಿದಳು. ಎಂಟೂ ತುಂಡುಗಳನ್ನು ಒಟ್ಟಿಗೆ ಬಿಟ್ಟಳು. ಬಾಣಲೆಯಲ್ಲಿ ಸದ್ದೇ ಇರಲಿಲ್ಲ.

ಅರ್ಧ ಗಂಟೆಯ ಮೇಲೆ ತೆಗೆದಾಗ ತುಂಡುಗಳು ಬಿಳಚಿಕೊಂಡು ಮೆತ್ತಗಿದ್ದವು.

ಬಾಯಿ ಒಂದನ್ನು ಬಿಳಿ ಕಾಗದದ ಮೇಲೆ ಇಟ್ಟು, ತೆಗೆದು, ಕಾಗದವನ್ನು ಕಿಟಕಿಗೆ ಹಿಡಿದರು. ಅದರ ಮೂಲಕ ನದಿಯ ಮೇಲಿನ ದೋಣಿ ಕಾಣಿಸುತ್ತಿತ್ತು.

"ನಿನ್ನ ಕೋಳಿ ಚೆನ್ನಾಗಿ ಎಣ್ಣೆ ಹಾಕಿಕೊಂಡು ಬಂದಿದೆ," ಎಂದರು. "ನೆಟ್ಟಗೆ ನಿಲ್ಲಲೂ ಆಗುತ್ತಿಲ್ಲ ಅದಕ್ಕೆ."

ಬಾಣಲೆಯ ಎಣ್ಣೆ ಆರಿದ ಮೇಲೆ ಸೋಸಿ ಬಾಟಲಿಗೆ ತುಂಬಿದರು. ಗೆರೆಗಿಂತ ಮೂರು ಬೆರಳು ಕೆಳಗಿತ್ತು.

"ಉರಿ ಕಡಿಮೆಯೇ ಇಟ್ಟಿದ್ದೆನಲ್ಲ, ಬಾಯಿ?"

ಬಾಯಿ ಇನ್ನೊಂದು ಬಾಟಲಿಯ ಮೇಲೂ ಅಷ್ಟೇ ಎತ್ತರಕ್ಕೆ ಗೆರೆ ಎಳೆದು ಅಷ್ಟೇ ಎಣ್ಣೆ ಅಳೆದರು. ಇನ್ನೊಂದು ಕೋಳಿ. ಅದನ್ನು ಆಗಲೇ ಫ್ರಿಜ್ಜಿನಿಂದ ಹೊರಗೆ ತೆಗೆದಿಟ್ಟಿದ್ದರು. ಚರ್ಮ ಹಾಗೆಯೇ ಇತ್ತು. ಮರದ ಸೌಟಿನ ಹಿಡಿಯನ್ನು ಎಣ್ಣೆಗೆ ತಾಗಿಸಿದರು. ಸುತ್ತ ಸಣ್ಣ ಗುಳ್ಳೆಗಳು ಎದ್ದವು. ಮೂರೇ ತುಂಡು ಬಿಟ್ಟರು.

ಬಾಣಲೆ ಮಳೆ ಸುರಿದಂತೆ ಸದ್ದು ಮಾಡಿತು. ಲವೀಟಾ ಹಿಂದೆ ಸರಿದಳು.

"ಹಿಂದೆ ಹೋಗಬೇಡ. ನಿಂತು ಕೇಳು. ಒಳಗಿನ ನೀರು ಹೊರಗೆ ನುಗ್ಗುತ್ತಿದೆ. ಅದು ನುಗ್ಗುವಷ್ಟು ಹೊತ್ತು ಎಣ್ಣೆಗೆ ಒಳಗೆ ದಾರಿಯಿಲ್ಲ."

ಸದ್ದು ಸಣ್ಣದಾದಾಗ ಜಾಲರಿಯಲ್ಲಿ ಎತ್ತಿದರು. ಒಂದು ತುಂಡನ್ನು ಮೂಳೆಯವರೆಗೆ ಕೊಯ್ದು ತೋರಿಸಿದರು. ಕೆಂಪು ಎಲ್ಲಿಯೂ ಇರಲಿಲ್ಲ. ಎಲ್ಲ ಮುಗಿದು ಎಣ್ಣೆ ಸೋಸಿದಾಗ ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು.

ಚಿನ್ನದ ಪದಕದ ಲವೀಟಾ ಎರಡು ಬಾಟಲಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ತುಂಬ ಹೊತ್ತು ನೋಡಿದಳು.

"ನೀನು ಎಣ್ಣೆಗೆ ಹೆದರಿದೆ," ಎಂದರು ಬಾಯಿ. "ನಿನ್ನ ಹೆದರಿಕೆಯನ್ನೇ ಕೋಳಿ ಕುಡಿದದ್ದು."

ಶುಕ್ರವಾರ ಲವೀಟಾ ತಾನೇ ಕರಿದಳು. ಹಿಂದೆ ಸರಿಯಲಿಲ್ಲ. ಬಾಯಿ ಎಂಟು ತುಂಡುಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದರು. ಕಾಗದವನ್ನು ಕಿಟಕಿಗೆ ಹಿಡಿದರು. ದೋಣಿ ಕಾಣಲಿಲ್ಲ.

"ತೆಗೆದುಕೊಂಡು ಹೋಗು," ಎಂದರು. ಲವೀಟಾ ತಲೆ ಎತ್ತಿಕೊಂಡು ಹೋದಳು.

ಭಾನುವಾರ ಚರ್ಚಿನ ಪೂಜೆ ಮುಗಿದ ಕೂಡಲೇ ತಲೆ ತಗ್ಗಿಸಿಕೊಂಡು ಬಂದಳು.

"ಮುಟ್ಟಲಿಲ್ಲ, ಬಾಯಿ. ಶುಕ್ರವಾರವೂ ಇಲ್ಲ. ನಿನ್ನೆ ಮನೆಯಲ್ಲೇ ಬಿಸಿಬಿಸಿ ಕರಿದು ಕೊಟ್ಟೆ, ಆಗಲೂ ಇಲ್ಲ. ನಾಳೆ ನಳಿಕೆ ಹಾಕುತ್ತಾರೆ."

"ಕೋಳಿ ಹೇಗಿತ್ತು?"

"ಸರಿಯಾಗಿತ್ತು. ಹೊಂಬಣ್ಣ ಬಂದಿತ್ತು."

"ಬಣ್ಣ ಕೇಳಲಿಲ್ಲ. ರುಚಿ ಕೇಳಿದೆ."

"ನಾನು ತಿನ್ನಲಿಲ್ಲ, ಬಾಯಿ. ಕರಿದದ್ದನ್ನು ನಾನು ತಿನ್ನುವುದಿಲ್ಲ."

"ತಟ್ಟೆ ಇಟ್ಟು ಏನು ಹೇಳಿದೆ?"

"ತೂಗಿಯೇ ಇಟ್ಟಿದ್ದೆ. ಇದರಲ್ಲಿ ಮೂವತ್ತು ಗ್ರಾಂ ಪ್ರೋಟೀನ್ ಇದೆ ಪಪ್ಪ, ಚರ್ಮ ಬಿಟ್ಟು ಉಳಿದದ್ದನ್ನು ತಿನ್ನಿ ಅಂದೆ. ಅವರು ತಿನ್ನುವವರೆಗೆ ಪಕ್ಕದಲ್ಲೇ ನಿಂತಿದ್ದೆ."

"ಅವರು ಏನಂದರು?"

ಲವೀಟಾ ನೆಲ ನೋಡಿಕೊಂಡೇ ಹೇಳಿದಳು.

"‘ನೀನು ಬಾಯಿಗಿಡದ್ದನ್ನು ನನಗೆ ಬಡಿಸುತ್ತೀಯಾ? ನಾನೇನು ನಿನ್ನ ವಾರ್ಡಿನ ಏಳನೇ ನಂಬರ್ ಹಾಸಿಗೆಯೇ?’ ಅಂದರು. ಗೋಡೆಯ ಕಡೆ ತಿರುಗಿ ಮಲಗಿದರು."

ಬಾಯಿ ಒಲೆ ಹಚ್ಚಿದರು.

"ಬುಧವಾರ ನಾನು ಕರಿದದ್ದನ್ನು ನೀನು ತಿನ್ನಲಿಲ್ಲ," ಎಂದರು, ಬೆನ್ನು ತಿರುಗಿಸಿಯೇ. "ಶುಕ್ರವಾರ ನೀನೇ ಕರಿದದ್ದನ್ನೂ ತಿನ್ನಲಿಲ್ಲ. ಒಂದು ಚೂರಾದರೂ ಕೇಳುತ್ತೀಯೇನೋ ಎಂದು ಕಾದೆ."

ಎರಡು ತುಂಡು ಕರಿದರು. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿದರು. ಒಂದು ತಟ್ಟೆ ಲವೀಟಾಳ ಮುಂದೆ, ಒಂದು ತಮ್ಮ ಮುಂದೆ. ಲವೀಟಾ ಫೋರ್ಕಿಗೆ ಕೈ ಹಾಕಿದಳು. ಬಾಯಿ ಅದನ್ನು ಎತ್ತಿ ಆಚೆ ಇಟ್ಟರು.

"ಕೈಯಲ್ಲಿ ತಿನ್ನು. ಚರ್ಮವನ್ನೂ ತಿನ್ನು."

ಹನ್ನೊಂದು ವರ್ಷದ ಮೇಲೆ ಲವೀಟಾ ಕರಿದ ಕೋಳಿಯನ್ನು ಕಚ್ಚಿದಳು. ಹೊರಗಿನ ಪದರ ಗರಿಗರಿ ಮುರಿಯಿತು. ಒಳಗಿನ ಮಾಂಸದ ರಸ ಗಲ್ಲಕ್ಕೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಮೂಳೆಯವರೆಗೆ ತಿಂದಳು. ಮೂಳೆಯನ್ನೂ ಬಿಡಲಿಲ್ಲ.

"ಎಷ್ಟು ಪ್ರೋಟೀನ್ ಇತ್ತು?" ಎಂದು ಕೇಳಿದರು ಬಾಯಿ.

ಲವೀಟಾ ಬೆರಳು ನೆಕ್ಕಿಕೊಂಡಳು.

"ಉಪ್ಪು ಒಂದು ಚಿಟಿಕೆ ಕಡಿಮೆ, ಬಾಯಿ."

ಮೂವತ್ತೆಂಟು ವರ್ಷ ಹಾಸ್ಟೆಲಿನಲ್ಲಿ ಯಾರೂ ಅವರಿಗೆ ಆ ಮಾತು ಹೇಳಿರಲಿಲ್ಲ. ಬಾಯಿ ತಮ್ಮ ತಟ್ಟೆಯ ತುಂಡನ್ನು ಮುರಿದು ಬಾಯಿಗಿಟ್ಟರು. ನಿಧಾನವಾಗಿ ಅಗಿದರು.

"ಹೌದು, ಕಡಿಮೆ," ಎಂದರು. "ಈಗ ಮನೆಗೆ ಹೋಗಿ ಕರಿ. ಮೇಜಿನ ಮೇಲೆ ಎರಡು ತಟ್ಟೆ ಇಡು."

ಸೋಮವಾರ ಮಧ್ಯಾಹ್ನ ಲವೀಟಾ ಮತ್ತೆ ಬಂದಳು. ಡ್ರಿಲ್ ಮಾಸ್ಟರ ಮಗಳು ಎಂದು ನೋಡಿದವರಿಗೆ ತಿಳಿಯುವಂತೆ ಬೆನ್ನು ನೆಟ್ಟಗಿತ್ತು.

"ನಳಿಕೆಯ ಮಾತು ಇನ್ನಿಲ್ಲ, ಬಾಯಿ. ಡಾಕ್ಟರೇ ಹೇಳಿದರು."

"ತಿಂದರೇ?"

"ನಾನು ಅವರೆದುರು ಕೂತು ತಿನ್ನತೊಡಗಿದೆ. ಪ್ರೋಟೀನಿನ ಮಾತೇ ಎತ್ತಲಿಲ್ಲ. ಪಪ್ಪ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡರು. ಎರಡು ತುಂಡು ಮುಗಿಸಿ, ನನ್ನ ತಟ್ಟೆಯಲ್ಲಿದ್ದ ಕೋಳಿಯ ಕಾಲನ್ನೂ ಎತ್ತಿಕೊಂಡರು. ‘ಮಗಳೇ, ನಿನಗೆ ಕರಿದದ್ದು ಒಳ್ಳೆಯದಲ್ಲ’ ಅಂದರು."

"ತೂಗಿದೆಯಾ?"

"ತಕ್ಕಡಿ ಹೊರಗೆ ತೆಗೆಯಲೇ ಇಲ್ಲ. ಇವತ್ತು ಬೆಳಿಗ್ಗೆ ತಾವಾಗಿಯೇ ಎರಡು ಮೊಟ್ಟೆ ಕೇಳಿ ತಿಂದರು."

ಲವೀಟಾ ಇನ್ನೂ ಹೋಗಲಿಲ್ಲ. ಹೇಳಬೇಕಾದದ್ದು ಇನ್ನೊಂದಿತ್ತು. ಅದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು.

"ಬಾಯಿ, ಪಪ್ಪ ಕೈ ತೊಳೆಯುವಾಗ ಒಂದು ಮಾತು ಹೇಳಿದರು. ‘ನನ್ನ ಅಮ್ಮ ಕೂಡ ಕೋಳಿಯನ್ನು ಇಷ್ಟು ಚೆನ್ನಾಗಿ ಕರಿಯುತ್ತಿರಲಿಲ್ಲ’ ಅಂದರು."

"ಹೆತ್ತ ತಾಯಿಯ ವಿಷಯದಲ್ಲಿ ಸುಳ್ಳು ಹೇಳುವಷ್ಟು ಬಲ ಬಂದಿದೆ," ಎಂದರು ಸೆಲೆಸ್ಟಿನ್ ಬಾಯಿ. "ನಾಳೆಯಿಂದ ಸೊಪ್ಪು ಬಡಿಸು."