ಕರು ಬಿಟ್ಟು ಹೋದ ಕೆಂದಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿನೂ ಇನ್ನೂ ಹುಟ್ಟಿರಲಿಲ್ಲ ಕಣೇ, ಆಗ ಒಂದು ಕೋಟೆ, ಕೋಟೆಗೊಬ್ಬ ದೊರೆ, ಕೋಟೆಯಿಂದ ಎರಡು ಹರದಾರಿ ಆಚೆಗೆ ಒಂದು ಗೊಲ್ಲರ ಹಟ್ಟಿ ಇತ್ತಂತೆ. ಹಟ್ಟಿ ಅಂದ್ರೆ ಸುತ್ತ ಮುಳ್ಳಿನ ಬೇಲಿ, ಒಳಗೆ ಗುಡಿಸಲು, ಜನಕ್ಕಿಂತ ಜಾಸ್ತಿ ದನ. ಅಲ್ಲಿ ಕ್ಯಾತಮ್ಮ ಅಂತ ಒಬ್ಬಳಿದ್ಳಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಇದ್ದದ್ದು ಕೆಂದಿ ಅನ್ನೋ ಕೆಂಪು ಹಸು, ಅದರ ಎರಡು ತಿಂಗಳ ಕರು. ಒದೀಬೇಡ ಕಣೇ ನನ್ನ, ಸುಮ್ನೆ ಮಲಕ್ಕೊಂಡು ಕೇಳು.

ಹಿಂಗಿರುವಾಗ ದೊರೆ ಮನೇಲಿ ಕೂಸು ಹುಟ್ಟಿತಂತೆ. ರಾಣಿಗೆ ಜ್ವರ ಬಂದು ಎದೆಹಾಲು ಬತ್ತಿಹೋಯ್ತಂತೆ. ಎಮ್ಮೆ ಹಾಲು ಕುಡಿಸಿದ್ರು, ಮೇಕೆ ಹಾಲು ಕುಡಿಸಿದ್ರು, ಪೇಟೆ ಹಸೂದು ಕುಡಿಸಿದ್ರು, ಮೂರನ್ನೂ ಕೂಸು ಕಕ್ಕಿಬಿಡ್ತಂತೆ. ಕೊನೆಗೆ ಕೆಂದಿ ಹಾಲು ಮಾತ್ರ ಹೊಟ್ಟೇಲಿ ನಿಂತಿತಂತೆ. ಅವತ್ತಿಂದ ಕ್ಯಾತಮ್ಮ ದಿನಾ ಹಾಲಿನ ಚೊಂಬು ಹಿಡ್ಕೊಂಡು ಎರಡು ಹರದಾರಿ ನಡೆದುಹೋಗಿ, ಕೂಸು ಕುಡಿದು ತೇಗೋದನ್ನ ಕಣ್ತುಂಬ ನೋಡ್ಕೊಂಡು ಬರೋಳಂತೆ. ಆ ಕೂಸು ಅಂದ್ರೆ ಅವಳಿಗೆ ಪ್ರಾಣ.

ಅರಮನೇಲಿ ಶೇಷಪ್ಪಯ್ಯ ಅಂತ ಒಬ್ಬ ಪಾರುಪತ್ತೇಗಾರ ಇದ್ನಂತೆ. ಉಗ್ರಾಣ, ಅಡುಗೆಮನೆ, ಆಳುಕಾಳು ಎಲ್ಲಾ ಅವನದೇ ಕಾರುಬಾರು. ಕೋಟೆ ಒಳಗೇ ಹುಟ್ಟಿ ಕೋಟೆ ಒಳಗೇ ಬೆಳೆದೋನು, ಸಗಣಿ ಕಂಡ್ರೆ ಪಂಚೆ ಎತ್ಕೊಂಡು ಹಾರೋನು. ಅವನ ತಲೇಲಿ ಒಂದು ಉಪಾಯ ಹೊಳೀತಂತೆ. ದಿನಾ ಹಾಲು ತರಿಸೋದ್ಯಾಕೆ, ಬಿಸಿಲಿಗೆ ಒಡೆದುಹೋದ್ರೆ ಏನು ಗತಿ, ಹಸೂನೇ ತಂದು ಕಟ್ಟಿದ್ರಾಯ್ತಲ್ಲ ಅಂತ. ಮಹಾ ಬುದ್ಧಿವಂತ! ನಾಲ್ಕು ಆಳು ಕರ್ಕೊಂಡು ಹಟ್ಟಿಗೆ ಬಂದು ಕೆಂದಿ ಹಗ್ಗ ಬಿಚ್ಚಿಸಿದ್ನಂತೆ. ಕ್ಯಾತಮ್ಮ ಓಡಿಬಂದು, ಸ್ವಾಮಿ, ಕರೂನೂ ಹೊಡ್ಕೊಂಡು ಹೋಗಿ ಅಂದ್ಳಂತೆ. ಹಾಲು ಕೊಡೋದು ಹಸುನೋ ಕರುನೋ, ಅದೂ ಬಂದ್ರೆ ಕೂಸಿನ ಹಾಲೆಲ್ಲ ಅದೇ ಕುಡಿದು ಮುಗಿಸುತ್ತೆ ಅಂತ ಅವನು ನಕ್ನಂತೆ. ಕರು ಬಾಯಿ ಹಾಕ್ದೆ ಹಸು ಸೊರೆ ಬಿಡಲ್ಲ ಸ್ವಾಮಿ, ಒಂದು ತೊಟ್ಟು ಹಾಲೂ ಇಳಿಯಲ್ಲ ಅಂತ ಅವಳು ಅಂಗಲಾಚಿದ್ಳಂತೆ. ದನ ಕಾಯೋಳ ಹತ್ರ ನಾನು ಪಾಠ ಹೇಳಿಸ್ಕೋಬೇಕಾ ಅಂತ ಗದರಿಸಿ ಹೊರಟೇಬಿಟ್ನಂತೆ. ಕೆಂದಿ ತಿರುಗಿ ತಿರುಗಿ ನೋಡ್ತಾ ಅಂಬಾ ಅಂತಿತ್ತಂತೆ, ಬೇಲಿ ಒಳಗಿಂದ ಕರು ಅಂಬಾ ಅಂತಿತ್ತಂತೆ.

ಮೊದಲನೇ ದಿನ ಕೆಂದೀನ ನುಣ್ಣನೆ ಕಲ್ಲು ಹಾಸಿದ ಅಂಗಳದಲ್ಲಿ ಕಟ್ಟಿದ್ರಂತೆ. ಪಾಪ, ಗೊರಸು ಜಾರಿ ಜಾರಿ ಅದು ಹೆದರಿ ಕೂತುಬಿಡ್ತಂತೆ. ಅಡುಗೆಯವನು ಬೆಳ್ಳಿ ಚೊಂಬು ಹಿಡ್ಕೊಂಡು ಕೆಚ್ಚಲಿಗೆ ಕೈ ಹಾಕಿದ್ರೆ ಒಂದೇ ಏಟಿಗೆ ಚೊಂಬು ಗೋಡೆಗೆ ಹಾರಿತಂತೆ. ಹಾಲಿಲ್ಲ. ಸುದ್ದಿ ಕೇಳಿ ಕ್ಯಾತಮ್ಮ ಕೋಟೆ ಬಾಗಿಲಿಗೆ ಓಡಿದ್ಳಂತೆ, ಕಾವಲಿನವರು ಒಳಗೆ ಬಿಡಲಿಲ್ಲವಂತೆ.

ಎರಡನೇ ದಿನ, ಹಸುಗೆ ಹೊಟ್ಟೆ ತುಂಬಿಲ್ಲ, ರಾಜೋಪಚಾರ ಮಾಡಿ ಅಂದ್ನಂತೆ ಶೇಷಪ್ಪಯ್ಯ. ಹುಲ್ಲು ತಿನ್ನೋ ಪ್ರಾಣಿಗೆ ಬುಟ್ಟಿಗಟ್ಲೆ ಅನ್ನ, ಹೋಳಿಗೆ, ಕೊಳಗದ ತುಂಬ ಪಾಯಸ! ಆಮೇಲೆ ಏನಾಯ್ತು, ಕೆಂದಿ ಹೊಟ್ಟೆ ಉಬ್ಬರಿಸ್ಕೊಂಡು ಎಡಮಗ್ಗುಲು ನಗಾರಿ ಹಂಗೆ ಬಿಗಿದುಹೋಯ್ತಂತೆ. ಹಾಲಿಲ್ಲ. ಅತ್ತ ಕೂಸಿಗೆ ಬಟ್ಟೆ ಅದ್ದಿ ಸಕ್ಕರೆ ನೀರು ಹಿಂಡ್ತಿದ್ರಂತೆ. ಅತ್ತೂ ಅತ್ತೂ ಅದರ ದನಿ ಸಣ್ಣಗಾಗ್ತಾ ಬಂತಂತೆ.

ಮೂರನೇ ದಿನ ಕೂಸು ಅಳೋದನ್ನೇ ಬಿಡ್ತಂತೆ. ದೊರೆ ಹುಚ್ಚನ ಹಂಗಾಗಿದ್ದ. ಶೇಷಪ್ಪಯ್ಯ ತನ್ನ ತಪ್ಪು ಮುಚ್ಕೊಳ್ಳೋಕೆ, ಬುದ್ಧಿ, ಆ ಗೊಲ್ಲರೋಳು ಹೊಟ್ಟೆಕಿಚ್ಚಿಗೆ ಹಸುಗೆ ಮಾಟ ಮಾಡಿದ್ದಾಳೆ ಅಂತ ಹಚ್ಚಿಕೊಟ್ನಂತೆ. ಅವನ ನಾಲಿಗೆಗೆ ಬರೆ ಹಾಕ! ದೊರೆ ಹಿಂದೆ ಮುಂದೆ ನೋಡ್ದೆ, ಅವಳನ್ನ ಎಳ್ಕೊಂಡು ಬನ್ನಿ, ಹೊತ್ತು ಮುಳುಗೋದ್ರೊಳಗೆ ಹಾಲು ಬರದಿದ್ರೆ ಅವಳ ತಲೆ ತೆಗೀರಿ, ಹಟ್ಟಿಗೆ ಬೆಂಕಿ ಇಡಿ ಅಂದ್ಬಿಟ್ನಂತೆ.

ಏನೇ, ಕೂಸು ಸತ್ತುಹೋಗುತ್ತಾ ಅಂದ್ಯಾ? ತಾಳೇ, ನನಗೂ ಎದೆ ಡವಡವ ಅಂತಿದೆ.

ಸೈನಿಕರು ಬಂದಾಗ ಕ್ಯಾತಮ್ಮ ಬೇರೆ ಹಸುವಿನ ಹಾಲಲ್ಲಿ ಬೆರಳು ಅದ್ದಿ ಕರುಗೆ ಚೀಪಿಸ್ತಾ ಕೂತಿದ್ಳಂತೆ. ದೊರೆ ಅಪ್ಪಣೆ, ಕೆಂದಿ ಹೊಟ್ಟೆ ಉಬ್ಬಿರೋ ವಿಷಯ ಎರಡೂ ಕೇಳಿ ಒಂದು ಬಾಟ್ಲಿ ಎಳ್ಳೆಣ್ಣೆ, ಓಮಿನ ಪುಡಿ, ದನಕ್ಕೆ ಔಷಧಿ ಕುಡಿಸೋ ಬಿದಿರಿನ ಗೊಟ್ಟ ಸೆರಗಲ್ಲಿ ಕಟ್ಕೊಂಡು, ಕರೂನ ಹೆಗಲ ಮೇಲೆ ಹೊತ್ಕೊಂಡು ಹೊರಟಳಂತೆ. ಬಿಸಿಲಲ್ಲಿ ಎರಡು ಹರದಾರಿ. ಕೋಟೆ ಮುಟ್ಟೋ ಹೊತ್ತಿಗೆ ಸೂರ್ಯ ಪಡುವಲಿಗೆ ವಾಲಿದ್ದನಂತೆ.

ಕೆಂದೀನ ನೋಡಿ ಅವಳು ಎದೆ ಎದೆ ಬಡ್ಕೊಂಡ್ಳಂತೆ. ಕಣ್ಣು ಮೇಲೆ ಹೋಗಿದೆ, ಉಸಿರಿಗೆ ಒದ್ದಾಡ್ತಿದೆ. ಮೊದಲು ಮಣ್ಣು ತಂದು ಕಲ್ಲಿನ ಮೇಲೆ ಸುರೀರಿ ಅಂತ ಸೈನಿಕರಿಗೇ ಕೂಗಿ ಹೇಳಿದ್ಳಂತೆ. ಕೆಂದೀನ ಎಬ್ಬಿಸಿ, ಗೊಟ್ಟದಲ್ಲಿ ಎಣ್ಣೆ ಓಮು ಬೆರೆಸಿ ನಿಧಾನಕ್ಕೆ ಕುಡಿಸಿ, ಹೊಟ್ಟೇಲಿರೋ ಗಾಳಿ ಹೊರಗೆ ಬರಲಿ ಅಂತ ಬಾಯಿಗೆ ಅಡ್ಡ ಒಂದು ಕಡ್ಡಿ ಕಟ್ಟಿ, ಮಗ್ಗುಲು ತಿಕ್ಕಿದ್ಳಂತೆ, ತಿಕ್ಕಿದ್ಳಂತೆ, ತೋಳು ಬಿದ್ದುಹೋಗೋ ಹಾಗೆ ತಿಕ್ಕಿದ್ಳಂತೆ. ನೋಡಿ, ನೋಡಿ, ವಿಷ ಹಾಕ್ತಿದ್ದಾಳೆ ಅಂತ ಶೇಷಪ್ಪಯ್ಯ ಕಿರುಚಿದ್ನಂತೆ. ಕೋಟೆ ಗೋಡೆ ನೆರಳು ಅಂಗಳಕ್ಕೆ ಇಳೀತಾ ಬಂತಂತೆ. ಅಷ್ಟರಲ್ಲಿ ಕೆಂದಿ ಡರ್ರ್ ಅಂತ ಒಂದು ತೇಗು ತೇಗಿತು ನೋಡು! ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಹೊಟ್ಟೆ ಇಳೀತಂತೆ.

ಕ್ಯಾತಮ್ಮ ಕರು ಬಿಟ್ಳಂತೆ. ಅದು ಓಡಿಹೋಗಿ ಕೆಚ್ಚಲಿಗೆ ಗುದ್ದಿ ಬಾಯಿ ಹಾಕಿತಂತೆ. ಅಯ್ಯಯ್ಯೋ ಕಳ್ಳ ಕರು, ಕೂಸಿನ ಹಾಲು ಕುಡೀತಿದೆ, ಹಿಡೀರಿ, ಹೊಡೀರಿ ಅಂತ ಶೇಷಪ್ಪಯ್ಯ ಕುಣಿದಾಡಿದ್ನಂತೆ. ಒಬ್ಬ ಸೈನಿಕ ಕರುವಿನ ಬಾಲ ಹಿಡಿದು ಎಳೆದು ಕತ್ತಿ ಎತ್ತಿದ್ನಂತೆ. ಕ್ಯಾತಮ್ಮ ಹೋಗಿ ಕರುವಿನ ಮೇಲೆ ಬಿದ್ದಳಂತೆ. ಅಲ್ಲಿವರೆಗೂ ಸ್ವಾಮಿ ಬುದ್ಧಿ ಅಂತಿದ್ದೋಳು ಸಿಟ್ಟಿಗೆ ದೊರೆಗೇ ಕೂಗಿ ಹೇಳಿದ್ಳಂತೆ, ದೊರೆ, ನಿನ್ನ ರಾಣಿ ಮಡಿಲಿಂದ ಕೂಸನ್ನ ಕಿತ್ಕೊಂಡು ಬೇರೆಯವರಿಗೆ ಹಾಲು ಕೊಡು ಅಂದ್ರೆ ಎದೆ ಉಕ್ಕುತ್ತಾ? ಇದೂ ಬಾಣಂತೀನೇ. ಕರು ಬಾಯಿ ಹಾಕಲಿ, ಬರದಿದ್ರೆ ನನ್ನ ತಲೆ ಇಲ್ಲೇ ಇದೆ, ತಗೋ ಅಂತ.

ದೊರೆ ಅರಮನೆ ಕಡೆ ಕಿವಿಗೊಟ್ನಂತೆ. ಒಳಗೆ ಕೂಸಿನ ದನಿ ಇಲ್ಲ. ಆಮೇಲೆ, ಬಿಡ್ರೋ ಕರೂನ ಅಂದ್ನಂತೆ.

ಕರು ಚಪ್ಪರಿಸಿತಂತೆ. ಕೆಂದಿ ತಿರುಗಿ ಅದರ ಮೈ ನೆಕ್ಕಿ ನೆಕ್ಕಿ, ಕಣ್ಣು ಅರೆ ಮುಚ್ಚಿ, ಸೊರೆ ಬಿಡ್ತಂತೆ. ಕರೂನ ತಾಯಿ ಮೂತಿ ಹತ್ರ ಕಟ್ಟಿ, ಎರಡು ಮೊಲೆ ಕೂಸಿಗೆ, ಎರಡು ಕರುಗೆ ಅಂತ ಬಿಟ್ಟು, ಕ್ಯಾತಮ್ಮ ಸೊರ್ ಸೊರ್ ಅಂತ ಕರೆದ್ಳಂತೆ. ಬಿಸಿ ಹಾಲನ್ನ ಒಳಲೇಲಿ ಹಾಕಿ ಕೂಸಿನ ತುಟಿಗೆ ಇಟ್ಟರೆ ಒಂದು ತೊಟ್ಟು ಹೊರಗೆ ಹರಿದುಹೋಯ್ತಂತೆ, ಎರಡನೇದೂ ಹರಿದುಹೋಯ್ತಂತೆ, ಮೂರನೇದನ್ನ ಗುಟುಕ್ ಅಂತ ನುಂಗಿತಂತೆ. ಆಮೇಲೆ ಅಳ್ತು ನೋಡು, ಕೋಟೆ ಹಾರಿಹೋಗೋ ಹಾಗೆ! ರಾಣಿ, ದೊರೆ, ಕತ್ತಿ ಎತ್ತಿದ ಸೈನಿಕ, ಎಲ್ಲರೂ ಅತ್ತರಂತೆ.

ದೊರೆ ಶೇಷಪ್ಪಯ್ಯನ ತಲೆ ತೆಗೀತೀನಿ ಅಂದ್ನಂತೆ. ಕ್ಯಾತಮ್ಮ, ಅವನ ತಲೆ ತೆಗೆದ್ರೆ ಅದರೊಳಗೆ ಬುದ್ಧಿ ಹಾಕೋದು ಹೆಂಗೆ, ನಮ್ಮ ಹಟ್ಟಿಗೆ ಕಳಿಸಿ ಅಂದ್ಳಂತೆ. ಕೆಂದಿಗೆ, ಕರುಗೆ ಕೋಟೆ ಪಕ್ಕ ಮಣ್ಣಿನ ಕೊಟ್ಟಿಗೆ ಆಯ್ತಂತೆ. ಕ್ಯಾತಮ್ಮ ದಿನಾ ಬಂದು ಹಾಲು ಕರೆದು ಕೊಡ್ತಿದ್ದಳಂತೆ.

ಶೇಷಪ್ಪಯ್ಯ ಹಟ್ಟಿಗೆ ಬಂದ ಮೊದಲನೇ ದಿನವೇ ಚೊಂಬು ಹಿಡ್ಕೊಂಡು ಹೋರಿ ಕೆಳಗೆ ಕೂತಿದ್ನಂತೆ! ನಗು, ನಗು. ಸಗಣಿ ಬಾಚಿದ, ಒದೆಸ್ಕೊಂಡ, ಮೇಯಿಸಿದ, ಹಂಗೂ ಹಿಂಗೂ ಮೂರು ತಿಂಗಳು ಕಳೀತಂತೆ. ಆಮೇಲೆ ಒಂದಿನ ಅರಮನೆಯಿಂದ ಪಲ್ಲಕ್ಕಿ ಬಂತಂತೆ, ದೊರೆ ಕ್ಷಮಿಸಿದ್ದಾರೆ, ಹೊರಡಿ ಅಂತ. ಕ್ಯಾತಮ್ಮ ಅವನನ್ನ ಕೂಗೋಕೆ ಹೋಗಿ ನೋಡಿದ್ರೆ ಆಗ ತಾನೇ ಒಂದು ಹಸು ಈದಿದೆ, ಇವನು ತಲೆ ಮೇಲಿನ ಜರಿ ರುಮಾಲು ಬಿಚ್ಚಿ ಕರುವಿನ ಮೂಗು ಬಾಯಿ ಒರೆಸ್ತಾ ಸಗಣೀಲಿ ಮಂಡಿಯೂರಿ ಕೂತಿದ್ದಾನೆ. ಪಲ್ಲಕ್ಕಿ ಬಂದಿದೆ ಸ್ವಾಮಿ ಅಂದ್ಳಂತೆ. ಅವನು ತಲೆ ಕೂಡ ಎತ್ತದೆ, ಕಾಯಲಿ ಕಣಮ್ಮ, ಮಗು ಇನ್ನೂ ಮೊಲೆ ಹಿಡಿದಿಲ್ಲ ಅಂದ್ನಂತೆ.

ಅವರು ಅಲ್ಲಿ ಸುಖವಾಗಿದ್ರು, ನಾವಿಲ್ಲಿ ಸುಖವಾಗಿದ್ದೀವಿ, ಕತೆ ಮುಗೀತು. ಇನ್ನು ಕಣ್ಣು ಮುಚ್ಚೇ ನಮ್ಮಮ್ಮ.