ಮಡಿಯ ಜೋಲಿ

ಶಿಷ್ಯನು ಕೇಳಿದನು: "ಗುರುಗಳೇ, ನಾನು ಎಲ್ಲರಿಂದಲೂ ದೂರವಿದ್ದೇನೆ. ಯಾರ ಮಾತಿಗೂ ಹೋಗುವುದಿಲ್ಲ. ಊಟಕ್ಕೂ ಸಾಲಿನ ಕೊನೆಯಲ್ಲಿ ಕೂರುತ್ತೇನೆ. ಆದರೂ ದಿನವೂ ಸಿಟ್ಟು ಬರುತ್ತದೆ. ಅದು ನನ್ನೊಳಗೆ ಬರುವುದು ಎಲ್ಲಿಂದ?"

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಎಲ್ಲಿಂದ ಎಂದು ನಿನಗೆ ತೋರುತ್ತದೆ?"

"ಉಳಿದವರಿಂದ. ಒಬ್ಬ ಗೊರಕೆ ಹೊಡೆಯುತ್ತಾನೆ. ಇನ್ನೊಬ್ಬ ಶ್ಲೋಕವನ್ನು ತಪ್ಪಾಗಿ ಹೇಳುತ್ತಾನೆ, ಅದೂ ಗಟ್ಟಿಯಾಗಿ. ಊಟದ ಸಾಲೆಯ ಎದುರು ದಿಬ್ಬದ ಮೇಲೊಂದು ಗುಡಿಸಲು ಖಾಲಿಯಿದೆ. ತಮ್ಮ ಅಪ್ಪಣೆಯಾದರೆ ಇವತ್ತೇ ಅಲ್ಲಿಗೆ ಹೋಗುತ್ತೇನೆ. ಇಲ್ಲೇ ಇರು ಎಂದರೆ ನನ್ನಿಂದಾಗದು. ಮಠವನ್ನೇ ಬಿಡಬೇಕಾಗುತ್ತದೆ."

ಅವನ ಹಾಸಿಗೆ ಆಗಲೇ ಸುರುಳಿಯಾಗಿ ಬಾಗಿಲ ಬಳಿ ನಿಂತಿತ್ತು. ಗುರುಗಳು ಅದನ್ನು ನೋಡಿದರು. "ಕೂತುಕೋ" ಎಂದರು. ಅವನು ಕೂತನು. ಅವರು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆಯ ವರ್ತಕನಿದ್ದ. ಬಹಳ ಮಡಿವಂತ. ಮಿಂದ ಮೇಲೆ ಯಾರನ್ನೂ ಮುಟ್ಟುತ್ತಿರಲಿಲ್ಲ, ಯಾರು ಮುಟ್ಟಿದ್ದನ್ನೂ ಮುಟ್ಟುತ್ತಿರಲಿಲ್ಲ. ಮಡಿ ಮನೆಯೊಳಗಿನ ಸಂಗತಿ. ಆದರೆ ಇವನ ಮಡಿ ಪೇಟೆಗೆಲ್ಲ ಗೊತ್ತಿತ್ತು.

ಅವನ ಮಗಳಿಗೆ ಬಹುಕಾಲ ಗಂಡು ಗೊತ್ತಾಗಲಿಲ್ಲ. ವರ್ತಕ ಬೆಟ್ಟದ ದೇವರಿಗೆ ಹರಕೆ ಹೊತ್ತ. ಕೆಳಗಿನ ಕೊಳದಲ್ಲಿ ಮಿಂದು, ರೇಷ್ಮೆಯ ವಸ್ತ್ರವೊಂದನ್ನು ಮಡಿ ಕೆಡದಂತೆ ಮೇಲಕ್ಕೆ ಒಯ್ದು ತನ್ನ ಕೈಯಿಂದಲೇ ಒಪ್ಪಿಸುತ್ತೇನೆ ಎಂದು. ಗಂಡು ಗೊತ್ತಾಯಿತು. ಹರಕೆ ತೀರದೆ ಧಾರೆ ಎರೆಯುವಂತಿಲ್ಲ. ಮದುವೆ ಹತ್ತಿರ ಬಂದಿತ್ತು, ಶ್ರಾವಣದ ಜಡಿಮಳೆಯೂ ಹಿಡಿದಿತ್ತು. ವರ್ತಕ ಹೊರಟ.

ಕಳಿಸಿಕೊಡಲು ಪೇಟೆಯವರು ಬಂದರು. ಅವನು ಪ್ರತಿ ಅಂಗಡಿಯ ಮುಂದೆ ನಿಂತು ಹರಕೆಯ ನಿಯಮಗಳನ್ನು ವಿವರಿಸಿದ. ಕೇಳದವರಿಗೂ ವಿವರಿಸಿದ. ಕೊಳದಲ್ಲಿ ಮುಳುಗಿ ಏಳುವಾಗ ಮಧ್ಯಾಹ್ನ ಕಳೆದಿತ್ತು.

ದಾರಿಯಲ್ಲಿ ಒಬ್ಬ ರೈತ ಜೊತೆಯಾದ. ವರ್ತಕ ಅವನನ್ನು ಮುಂದೆ ನಡೆಯಲು ಬಿಟ್ಟು ತಾನು ದೂರದಲ್ಲಿ ಹಿಂದೆ ನಡೆದ. ಅರ್ಧ ಬೆಟ್ಟದಲ್ಲಿ ಕತ್ತಲಾಯಿತು. ಅಲ್ಲೊಂದು ಕಲ್ಲಿನ ಮಂಟಪ. ಹರಕೆ ಹೊತ್ತು ಬಂದ ಬೇರೆಯವರು ಒಳಗೆ ಬೆಂಕಿ ಹಾಕಿಕೊಂಡು, ಭಜನೆ ಹಾಡುತ್ತ, ಸಾಲಾಗಿ ಒಬ್ಬರಿಗೊಬ್ಬರು ಅಂಟಿ ಮಲಗುವ ಹವಣಿಕೆಯಲ್ಲಿದ್ದರು.

"ಬನ್ನಿ ಸಾವ್ಕಾರ್ರೇ, ಕಂಬದ ಮಗ್ಗುಲಿಗೆ ಜಾಗ ಐತೆ" ಎಂದ ರೈತ.

"ಯಾರು ಯಾರು ಮಲಗಿ ಎದ್ದ ಕಲ್ಲೋ! ಅದಕ್ಕೆ ಬೆನ್ನು ತಾಗಿದರೆ ನನ್ನ ಮಡಿ ಉಳಿಯುತ್ತದೇನಯ್ಯ?"

"ಹಂಗಾದ್ರೆ ಹಿಂದುಗಡೆ ಬಂಡೆ ಸಂದಿ ಐತಲ್ಲ. ಅಲ್ಲಿ ನರಪಿಳ್ಳೆ ಮಲಗಿಲ್ಲ. ನೆಲಾನೂ ಒಣಗೈತೆ."

"ಅಲ್ಲಿ ನಾನು ಮಡಿಯಲ್ಲಿದ್ದೆ ಎಂದು ನಾಳೆ ಹೇಳುವವರು ಯಾರು? ಹರಕೆಗೆ ಸಾಕ್ಷಿ ಬೇಡವೆ?"

ರೈತನಿಗೆ ಇದು ಹೊಳೆದಿರಲಿಲ್ಲ. ಅವನು ತಲೆಯಾಡಿಸಿ ಬೆಂಕಿಯ ಬಳಿಗೆ ಹೋದ.

ವರ್ತಕನು ಇದನ್ನೆಲ್ಲ ಮೊದಲೇ ಯೋಚಿಸಿಕೊಂಡು ಬಂದಿದ್ದ. ಅವನ ಮನೆಯಲ್ಲಿ ಮಡಿಬಟ್ಟೆಯನ್ನು ಒಣಗಿಸುವುದು ಸೂರಿನ ಕೆಳಗೆ ತೂಗುಹಾಕಿದ ಬಿದಿರಿನ ಗಳುವಿನ ಮೇಲೆ. ಅಲ್ಲಿ ಯಾರ ಕೈಯೂ ತಾಗುವುದಿಲ್ಲ. ತೂಗುವುದಕ್ಕೆ ಮೈಲಿಗೆಯಿಲ್ಲ. ಬಟ್ಟೆ ತೂಗಬಹುದಾದರೆ ಬಟ್ಟೆಯ ವರ್ತಕ ಏಕೆ ತೂಗಬಾರದು? ಹೊಲಕ್ಕೆ ಹೋದ ಹೆಂಗಸರು ಮರಕ್ಕೆ ಸೀರೆ ಕಟ್ಟಿ ಕೂಸನ್ನು ಮಲಗಿಸುವುದನ್ನು ಅವನು ಕಂಡಿದ್ದ. ಆ ಬಗೆಯ ಒಂದು ಜೋಲಿಯನ್ನು ತನ್ನ ಅಳತೆಗೆ ಹೊಲಿಸಿಕೊಂಡಿದ್ದ. ಬಟ್ಟೆ ಅವನ ಅಂಗಡಿಯದೇ. "ಇದರಲ್ಲಿ ನೀರು ಹೊಯ್ದು ಎತ್ತಿ ಹಿಡಿಯಿರಿ, ಒಂದು ಹನಿ ಕೆಳಗೆ ಬಿದ್ದರೆ ಆಮೇಲೆ ಕೇಳಿ" ಎಂದು ಗಿರಾಕಿಗಳಿಗೆ ಹೇಳಿ ಮಾರುತ್ತಿದ್ದ ಬಟ್ಟೆ.

ಮಂಟಪಕ್ಕೆ ನೇರ ಎದುರಾಗಿ ಎರಡು ಮರಗಳಿದ್ದವು. ಅವುಗಳ ನಡುವೆ ತೆಂಗಿನ ನಾರಿನ ಹಗ್ಗದಿಂದ ಜೋಲಿ ಕಟ್ಟಿದ. ಮೇಲೆ ಮಳೆಗೆ ಮೇಣಬಟ್ಟೆ ಹರಡಿದ. ಒಳಗೆ ಕಂಬಳಿ ಹಾಸಿದ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲವಷ್ಟೆ. ಮಂಟಪದಲ್ಲಿ ಭಜನೆ ನಿಂತಿತು. ಎಲ್ಲರೂ ಈ ಕಡೆ ತಿರುಗಿ ಕೂತರು.

ಜೋಲಿಯಲ್ಲಿ ಅವನು ಹಿಂದೆ ಮಲಗಿದ್ದು ಹಲ್ಲು ಬರುವ ಮೊದಲು. ಅಭ್ಯಾಸ ತಪ್ಪಿತ್ತು. ಈ ಕಡೆಯಿಂದ ಹತ್ತಿದ, ಆ ಕಡೆಯಿಂದ ಬಿದ್ದ. "ಬಿದ್ದದ್ದು ತರಗೆಲೆಯ ಮೇಲೆ, ನೆಲದ ಮೇಲಲ್ಲ" ಎಂದು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. ಮತ್ತೆ ಹತ್ತಿದ. ಈ ಸಲ ಜೋಲಿ ಅವನನ್ನು ನುಂಗಿಕೊಂಡಿತು. ತಲೆ ಒಂದು ಕಡೆ ಮೇಲೆ, ಕಾಲು ಇನ್ನೊಂದು ಕಡೆ ಮೇಲೆ, ನಡುಭಾಗ ಕೆಳಗೆ. ಮಂಟಪದೊಳಗೆ ಒಬ್ಬ ಅಜ್ಜಿ ಸಣ್ಣ ದನಿಯಲ್ಲಿ ಜೋಗುಳ ಶುರುಮಾಡಿದಳು. ವರ್ತಕ ಕೇಳಿಸದವನಂತೆ ರೇಷ್ಮೆಯ ಗಂಟನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ.

ಮೊದಲು ಬಂದದ್ದು ಚಳಿ. ಅವನು ಮೇಲೆ ಇನ್ನೊಂದು ಕಂಬಳಿ ಹೊದೆದ. ಚಳಿ ಹೋಗಲಿಲ್ಲ. ಅದು ಮೇಲಿನಿಂದ ಬರುತ್ತಿರಲಿಲ್ಲ. ಬೆನ್ನ ಕೆಳಗಿನ ಕಂಬಳಿ ಅವನದೇ ಭಾರಕ್ಕೆ ಹಪ್ಪಳದಂತೆ ಚಪ್ಪಟೆಯಾಗಿತ್ತು, ಅದರಡಿ ಗಾಳಿ ಓಡಾಡುತ್ತಿತ್ತು.

ಆಮೇಲೆ ಕುತ್ತಿಗೆಗೆ ಒಂದು ಹನಿ ತಾಗಿತು. ಮೇಣಬಟ್ಟೆ ಸೋರುತ್ತಿದೆ ಎಂದುಕೊಂಡ. ಕೈ ಎತ್ತಿ ಸವರಿದ. ಒಣಗಿತ್ತು. ಮತ್ತೊಂದು ಹನಿ. ಹಿಂದೆಯೇ ಒಂದು ಸಣ್ಣ ಧಾರೆ. ವರ್ತಕ ಧೈರ್ಯ ತಂದುಕೊಂಡ: ಒಣಬಟ್ಟೆಯ ಮಡಿಗಿಂತ ಒದ್ದೆಬಟ್ಟೆಯ ಮಡಿ ದೊಡ್ಡದು, ಶಾಸ್ತ್ರ ಬಲ್ಲವರೆಲ್ಲ ಹೇಳುತ್ತಾರೆ. ಆಗ ಕಾಲಿನ ಕಡೆಯಿಂದಲೂ ನೀರು ಬಂತು. ಎರಡೂ ಕಡೆಯ ನೀರು ಅವನ ಸೊಂಟದ ಬಳಿ ಸೇರಿತು. ನೀರು ಏರಿದಂತೆ ಮಡಿಯೂ ಏರಿತು. ಇಷ್ಟು ವರ್ಷ ತನ್ನ ಬಟ್ಟೆಯ ಬಗ್ಗೆ ಹೇಳುತ್ತಿದ್ದ ಮಾತು ನಿಜವೆಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ಹಲ್ಲಿಗೆ ಹಲ್ಲು ಬಡಿಯತೊಡಗಿತು. ಕೂಗಿದರೆ ಮರ್ಯಾದೆ ಹೋಗುತ್ತದೆ. ಕೂಗದಿದ್ದರೆ ತಾನೇ ಹೋಗುತ್ತೇನೆ ಅನ್ನಿಸಿತು. ಮಗಳ ಧಾರೆಗೆ ತಂದೆ ಬೇಕು. ಅವನು ಕೂಗಿದ.

ರೈತ ಉರಿಯುವ ಕೊಳ್ಳಿ ಹಿಡಿದು ಬಂದ. "ಏನ್ ಸಾವ್ಕಾರ್ರೇ, ಸ್ನಾನ ಆಯ್ತಾ?"

ಕೊಳ್ಳಿಯ ಬೆಳಕಿನಲ್ಲಿ ವರ್ತಕನಿಗೆ ಸಂಗತಿ ಕಂಡಿತು. ಮಳೆಯ ನೀರು ಮರದ ಬೊಡ್ಡೆಯ ಮೇಲೆ ಇಳಿದು, ಗಂಟಿನ ಬಳಿ ತಿರುಗಿ, ಅವನು ಕಟ್ಟಿದ ಹಗ್ಗದ ಗುಂಟ ಎಲ್ಲಿಯೂ ತಪ್ಪದೆ ಅವನ ಕುತ್ತಿಗೆಗೇ ಬರುತ್ತಿತ್ತು. ಅವನು ಒಂದು ಗಳಿಗೆ ಅದನ್ನೇ ನೋಡಿದ.

"ನನ್ನನ್ನು ಇಳಿಸಯ್ಯ. ಆದರೆ ಮುಟ್ಟಬೇಡ."

ರೈತ ಜೋಲಿಯನ್ನು ಸುತ್ತಿ ಬಂದ. "ಮುಟ್ಟದೆ ಇಳಿಸೋದು ಅಂದ್ರೆ ಹೆಂಗೆ? ನೀವೇನು ಹಲಸಿನಹಣ್ಣಾ? ಗಂಟು ಬೇರೆ ನೀರು ಕುಡಿದು ಬಿಗಿದೈತೆ. ಕುಡುಗೋಲು ಹಾಕ್ಲಾ?"

"ಹಾಕು, ಹಾಕು!"

ರೈತ ಒಳ್ಳೆಯವನು. ಸಾವ್ಕಾರರು ಬಿದ್ದು ಪೆಟ್ಟಾದೀತು ಎಂದು ಅವರ ಕೆಳಗೇ ನಿಂತುಕೊಂಡು ಹಗ್ಗ ಕೊಯ್ದ. ವರ್ತಕ, ಕಂಬಳಿ, ನೀರು ಎಲ್ಲವೂ ಕೂಡಿ ಅವನ ಮೇಲೆ ಬಂದವು. ಮಂಟಪದವರು ಎದ್ದು ನಿಂತರು. ಕೆಸರಿನೊಳಗಿಂದ, ವರ್ತಕನ ಅಡಿಯಿಂದ, ರೈತನ ದನಿ ಕೇಳಿತು:

"ನಾ ಮುಟ್ಟಲಿಲ್ಲ ಸಾವ್ಕಾರ್ರೇ. ನೀವೇ ಮುಟ್ಟಿದ್ದು. ಎಲ್ಲಾರೂ ಸಾಕ್ಷಿ!"

ಕೆಟ್ಟುಹೋದ ಮಡಿಯನ್ನು ಕಾಯುವ ಕೆಲಸವಿಲ್ಲ. ವರ್ತಕ ಮಂಟಪಕ್ಕೆ ನಡೆದ. ಒಂದು ಪಕ್ಕ ರೈತ, ಇನ್ನೊಂದು ಪಕ್ಕ ಜೋಗುಳದ ಅಜ್ಜಿ, ನಡುವೆ ಅವನು. ಬಿಸಿಲು ಬರುವವರೆಗೆ ಮಲಗಿದ. ಗೊರಕೆಯನ್ನೂ ಹೊಡೆದನಂತೆ.

ಬೆಳಗಾದ ಮೇಲೆ ಕೊಳಕ್ಕೆ ಇಳಿದ. ಊರಿಗೆ ಹೋಗಲಿಲ್ಲ, ಹೋಗುವ ಮುಖವಿರಲಿಲ್ಲ. ಕೊಳದ ಕಟ್ಟೆಯಲ್ಲೇ ರೇಷ್ಮೆಯ ವಸ್ತ್ರವನ್ನು ತೊಳೆದು ಒಣಗಿಸುತ್ತ ಹಗಲು ಕಳೆದು, ಮರುದಿನ ಕೋಳಿ ಕೂಗುವಾಗ ಮಿಂದು, ಹೊಸದಾಗಿ ಹತ್ತತೊಡಗಿದ. ಈ ಸಲ ಕಳಿಸಿಕೊಡಲು ಯಾರೂ ಬಂದಿರಲಿಲ್ಲ. ನಿಯಮ ವಿವರಿಸುವ ಕೆಲಸವಿರಲಿಲ್ಲ. ಊಟದ ಹೊತ್ತಿಗೆ ಮಂಟಪ ದಾಟಿದ. ಹೊತ್ತು ಮುಳುಗುವ ಮೊದಲೇ ದೇವರಿಗೆ ವಸ್ತ್ರ ಒಪ್ಪಿಸಿ ಕೈಮುಗಿದ. ಅಸಲಿಗೆ ಅದು ಒಂದು ಹಗಲಿನ ದಾರಿ.

ಗುರುಗಳು ಕತೆ ಮುಗಿಸಿ ಬತ್ತಿಯನ್ನು ಕೈಗೆತ್ತಿಕೊಂಡರು.

ಶಿಷ್ಯನು ಚುರುಕು. "ತಿಳಿಯಿತು, ಗುರುಗಳೇ" ಎಂದನು. "ನೀರು ಮೇಲಿನಿಂದ ಬರಲಿಲ್ಲ. ಮಂಟಪದವರಿಂದಲೂ ಬರಲಿಲ್ಲ. ಅವನು ಕಟ್ಟಿಕೊಂಡ ಹಗ್ಗದಿಂದಲೇ ಬಂತು. ನಾನೂ ನನ್ನ ಹಗ್ಗವನ್ನು ನೋಡಿಕೊಳ್ಳಬೇಕು. ದಿಬ್ಬದ ಮೇಲೆ ಒಬ್ಬನೇ ಕೂತು ಅದನ್ನೇ ಸಾಧಿಸುತ್ತೇನೆ." ಅವನು ಎದ್ದು ಹಾಸಿಗೆಯನ್ನು ಕಂಕುಳಿಗೆ ಸೇರಿಸಿದನು.

"ಗುಡ್ಡದ ಹಿಂದೆಯೂ ಒಂದು ಗುಡಿಸಲಿದೆ, ಅಲ್ಲಿ ನೀನು ಒಬ್ಬನೇ ಇರುವುದು ಊಟದ ಸಾಲೆಯಿಂದ ಯಾರಿಗೂ ಕಾಣಿಸುವುದಿಲ್ಲ, ಅದರ ಬಾಗಿಲು ತೆಗೆಸಲೆ?" ಎಂದರು ಗುರುಗಳು.

ಶಿಷ್ಯನು ಕಂಕುಳಿನ ಹಾಸಿಗೆಯನ್ನು ಮೆಲ್ಲಗೆ ಕೆಳಗಿಳಿಸಿದನು.